ಆನೆಗೆ ವಿಮೆ, ಹುಡುಗನಿಗೆ ಚಪ್ಪಾಳೆ

ದುಬಾರೆಯ ಸಾಕಾನೆ ಶಿಬಿರದಿಂದ ಪ್ರತಿವರ್ಷ ಮೈಸೂರು ದಸರಾಕ್ಕೆ ಆನೆಗಳು ಹೊರಡುತ್ತವೆ. ಇಲ್ಲಿಂದ ಹೋಗಿಬಂದ ಗೋಪಿ, ವಿಕ್ರಮ, ಪ್ರಶಾಂತ, ಕಾವೇರಿ, ವಿಜಯಾ ಇವರೆಲ್ಲ ನಾಡಿನ ಮಕ್ಕಳಿಗೆ ಹೆಸರಿನಿಂದಲೇ ಪರಿಚಯ. ಮೈಸೂರು ತಲುಪಿದ ಮೇಲೆ ಆನೆಗಳ ತೂಕ ನೋಡುತ್ತಾರೆ, ಪಶುವೈದ್ಯರು ತಪಾಸಣೆ ಮಾಡುತ್ತಾರೆ, ಪತ್ರಿಕೆಗಳು ಯಾವ ಆನೆ ಎಷ್ಟು ಕಿಲೋ ಎಂದು ಬರೆಯುತ್ತವೆ. ಆನೆಗೆ, ಮಾವುತನಿಗೆ, ಕಾವಾಡಿಗೆ ವಿಮೆಯನ್ನೂ ಮಾಡಿಸಲಾಗುತ್ತದೆ. ಇದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಜನರ ಮನರಂಜನೆಗಾಗಿ ಒಂದು ಜೀವವನ್ನು ಬೀದಿಗೆ ಕರೆತರುವವರು ಅದರ ಕಾಲಿನ ಹೊಣೆಯನ್ನೂ ಹೊರಬೇಕು ಎಂಬುದು ನ್ಯಾಯವೇ.

ಅದೇ ಕಾವೇರಿಯ ದಂಡೆಯಲ್ಲಿ ನಂಜರಾಯಪಟ್ಟಣ, ನೆಲ್ಯಹುದಿಕೇರಿ, ಸಿದ್ದಾಪುರದ ಕಡೆ ಬೇಸಿಗೆಯಲ್ಲಿ ಇನ್ನೊಂದು ಮನರಂಜನೆ ನಡೆಯುತ್ತದೆ. ಫುಟ್ಬಾಲ್. ಕೊಡಗು ಎಂದರೆ ಹಾಕಿ ಎಂದು ಹೊರಗಿನವರು ತಿಳಿದಿದ್ದಾರೆ. ಆದರೆ ತೋಟದ ಲೈನ್‌ಮನೆಗಳಲ್ಲಿ, ಮಲಬಾರಿನಿಂದ ಬಂದು ನೆಲೆಸಿದ ಮಾಪ್ಪಿಳ್ಳೆ ಕುಟುಂಬಗಳಲ್ಲಿ, ಪೇಟೆಯ ಅಂಗಡಿಸಾಲಿನಲ್ಲಿ ಹುಡುಗರ ಆಟ ಕಾಲ್ಚೆಂಡೇ. ಸುಂಟಿಕೊಪ್ಪದ ಗೋಲ್ಡ್ ಕಪ್‌ನಂಥ ಪಂದ್ಯಾವಳಿಗೆ ಜಿಲ್ಲೆಯ ಹೊರಗಿನಿಂದಲೂ ತಂಡಗಳು ಬರುತ್ತವೆ. ಕೊಯ್ಲಾದ ಗದ್ದೆಯಲ್ಲಿ ಏಳು ಜನರ 'ಸೆವೆನ್ಸ್' ಆಟವಂತೂ ಗಡಿ ದಾಟಿ ಬಂದ ಮಲಬಾರಿನ ಮಗು. ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ನಿನ ಲೆಕ್ಕದಲ್ಲಿ ಈ ಸೆವೆನ್ಸ್‌ಗೆ ಮಾನ್ಯತೆಯಿಲ್ಲ. ಮಾನ್ಯತೆ ಇಲ್ಲದ ಆಟದಲ್ಲಿ ಮುರಿದ ಕಾಲಿಗೂ ಮಾನ್ಯತೆ ಇಲ್ಲ.

ಪ್ರತಿಭಾವಂತ ಹುಡುಗನೊಬ್ಬ ಗಾಯಗೊಂಡು ಆಟದಿಂದ ಮರೆಯಾಗುವುದನ್ನು ನಮ್ಮ ಕಲೆ, ನಮ್ಮ ಪತ್ರಿಕೆಗಳು ಹೇಗೆ ನೋಡಿವೆ? ಈ ಪ್ರಶ್ನೆಗೆ ಕೊಡಗಿನವರು ನೋಡಿ ಮೆಚ್ಚಿದ ಎರಡು ಮಲಯಾಳಂ ಚಿತ್ರಗಳನ್ನು ಎದುರಿಗಿಟ್ಟುಕೊಳ್ಳಬಹುದು. ಎರಡೂ 2018ರವು. ಒಂದು ಪ್ರಜೇಶ್ ಸೇನ್ ನಿರ್ದೇಶನದ 'ಕ್ಯಾಪ್ಟನ್', ಇನ್ನೊಂದು ಝಕರಿಯಾ ಅವರ 'ಸುಡಾನಿ ಫ್ರಮ್ ನೈಜೀರಿಯಾ'. ಆ ವರ್ಷದ ಕೇರಳ ರಾಜ್ಯ ಶ್ರೇಷ್ಠ ನಟ ಪ್ರಶಸ್ತಿಯನ್ನು ಈ ಎರಡು ಚಿತ್ರಗಳ ನಾಯಕರೇ ಹಂಚಿಕೊಂಡರು: ಜಯಸೂರ್ಯ ಮತ್ತು ಸೌಬಿನ್ ಶಾಹಿರ್.

'ಕ್ಯಾಪ್ಟನ್' ಭಾರತ ತಂಡದ ನಾಯಕನಾಗಿದ್ದ ವಿ.ಪಿ. ಸತ್ಯನ್ ಅವರ ಕಥೆ. ಕೇರಳ ಪೊಲೀಸ್ ತಂಡ 1990 ಮತ್ತು 1991ರಲ್ಲಿ ಫೆಡರೇಶನ್ ಕಪ್ ಗೆದ್ದಾಗ ಅದರ ಆಧಾರಸ್ತಂಭವಾಗಿದ್ದವರು ಅವರು. 2006ರ ಜುಲೈ 18ರಂದು ಚೆನ್ನೈನ ಪಲ್ಲಾವರಂನಲ್ಲಿ ರೈಲಿಗೆ ಸಿಲುಕಿ ತೀರಿಕೊಂಡರು. ಅವರನ್ನು ಖಿನ್ನತೆ ಕಾಡುತ್ತಿತ್ತು. ಚಿತ್ರ ಸತ್ಯನ್ ಅವರ ಕಾಲಿನ ನೋವನ್ನು ತೋರಿಸುತ್ತದೆ, ನಿಜ. ಆದರೆ ಆ ನೋವು ತೆರೆಯ ಮೇಲೆ ವೀರನ ಆಭರಣವಾಗಿಬಿಡುತ್ತದೆ. ಹಿನ್ನೆಲೆ ಸಂಗೀತ ಏರುತ್ತದೆ, ನಾಯಕ ಹಲ್ಲು ಕಚ್ಚುತ್ತಾನೆ, ಓಡುತ್ತಾನೆ. ನೋಯುವ ಕಾಲಿನ ಆಟಗಾರನನ್ನು ಮೈದಾನಕ್ಕೆ ಇಳಿಸಿದವರು ಯಾರು, ಅದರಿಂದ ಲಾಭ ಯಾರಿಗಾಯಿತು ಎಂದು ಕೇಳುವ ಪುರುಸೊತ್ತು ಆ ಸಂಗೀತಕ್ಕಿಲ್ಲ. ಇದು ನಮ್ಮ ಹಳೆಯ ಚಟ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ತಲೆಗೆ ಪೆಟ್ಟುಬಿದ್ದು ಹೊಲಿಗೆ ಹಾಕಿಸಿಕೊಂಡ ಜರ್ನೈಲ್ ಸಿಂಗ್ ಮುಂಪಡೆಯಲ್ಲಿ ಆಡಿ ಫೈನಲ್‌ನಲ್ಲಿ ಗೋಲು ಹೊಡೆದದ್ದನ್ನು ನಾವು ಇಂದಿಗೂ ಹೇಳಿಕೊಳ್ಳುತ್ತೇವೆ. ಹೇಳಬೇಕಾದ ಸಾಹಸವೇ ಅದು. ಹಾಗೆ ಇಳಿದು ಮತ್ತೆ ಏಳದವರ ಪಟ್ಟಿಯನ್ನು ಮಾತ್ರ ಯಾರೂ ಇಟ್ಟಿಲ್ಲ.

'ಸುಡಾನಿ' ಬೇರೆಯದೇ ದಾರಿ ಹಿಡಿಯುತ್ತದೆ. ಮಲಪ್ಪುರಂನ ಸೆವೆನ್ಸ್ ತಂಡಕ್ಕೆ ಆಡಲು ಬಂದ ನೈಜೀರಿಯಾದ ಸ್ಯಾಮುಯೆಲ್ ಗಾಯಗೊಂಡು ಹಾಸಿಗೆ ಹಿಡಿಯುತ್ತಾನೆ. ಆಸ್ಪತ್ರೆಯ ಖರ್ಚು ತಾಳಲಾಗದೆ ತಂಡದ ವ್ಯವಸ್ಥಾಪಕ ಮಜೀದ್ ಅವನನ್ನು ಮನೆಗೇ ಕರೆತರುತ್ತಾನೆ. ಮಜೀದನ ಉಮ್ಮ ಜಮೀಲಾ, ನೆರೆಯ ಬೀಯುಮ್ಮ ಭಾಷೆ ಬಾರದ ಆ ಹುಡುಗನನ್ನು ಮಗನಂತೆ ನೋಡಿಕೊಳ್ಳುತ್ತಾರೆ. ಮುಸ್ಲಿಮರೆಂದರೆ ಒಂದೋ ಖಳನಾಯಕ, ಇಲ್ಲವೇ ಬಿರಿಯಾನಿ ಬಡಿಸುವ ಗೆಳೆಯ ಎಂದು ತೋರಿಸುತ್ತ ಬಂದ ಸಿನಿಮಾ ಲೋಕದಲ್ಲಿ ಈ ಇಬ್ಬರು ಮುದುಕಿಯರು ದೊಡ್ಡ ಸಾಧನೆ. ಶ್ರೇಷ್ಠ ಮಲಯಾಳಂ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ಸುಮ್ಮನೆ ಬರಲಿಲ್ಲ.

ಆದರೂ ಒಂದು ತಕರಾರು ಉಳಿಯುತ್ತದೆ. ಉಮ್ಮಂದಿರ ಪ್ರೀತಿ ನಮ್ಮ ಕಣ್ಣನ್ನು ಎಷ್ಟು ತುಂಬುತ್ತದೆಂದರೆ, ಆ ಹುಡುಗನನ್ನು ದುಡ್ಡುಕೊಟ್ಟು ಆಡಿಸಿದ ವ್ಯವಸ್ಥೆ ಎಲ್ಲಿ ಹೋಯಿತೆಂದು ಕೇಳಲು ಮರೆಯುತ್ತೇವೆ. ಗ್ಯಾಲರಿಯ ಟಿಕೆಟ್ ಹಣ ಎಲ್ಲಿದೆ? ತಂಡಕ್ಕೆ ಬಂದ ಬಹುಮಾನ ಎಲ್ಲಿದೆ? ಚಿತ್ರ ಬಿಡುಗಡೆಯಾದ ಮೇಲೆ ಸ್ಯಾಮುಯೆಲ್ ಪಾತ್ರಧಾರಿಯೇ ತನಗೆ ಕಡಿಮೆ ಸಂಭಾವನೆ ಕೊಟ್ಟರೆಂದು ಬಹಿರಂಗವಾಗಿ ದೂರಿ, ನಂತರ ಅದು ಇತ್ಯರ್ಥವಾದದ್ದು ಈ ಚಿತ್ರಕ್ಕೆ ಅಂಟಿಕೊಂಡ ವಿಚಿತ್ರ ಅಡಿಟಿಪ್ಪಣಿ. ಕರುಣೆ ದೊಡ್ಡದು. ಆದರೆ ಕೊಡಬೇಕಾದ್ದನ್ನು ಕೊಡದವನಿಗೆ ಅದು ರಶೀದಿಯಾಗಬಾರದು.

ಗದ್ದೆಯಲ್ಲಿ ನಡೆಯುವುದು ಸಿನಿಮಾಕ್ಕಿಂತ ನೀರಸ. ಓಡುತ್ತಿರುವ ಹುಡುಗ ಥಟ್ಟನೆ ತಿರುಗುತ್ತಾನೆ. ಪಾದ ಮಣ್ಣಿನಲ್ಲಿ ಊರಿಕೊಂಡಿರುತ್ತದೆ, ಮಂಡಿ ಮಾತ್ರ ತಿರುಚುತ್ತದೆ. ಒಳಗಿನ ಲಿಗಮೆಂಟ್ ಹರಿಯುತ್ತದೆ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ, ಎಂಆರ್‌ಐ ಬೇಕು. 'ಮೂಳೆ ಮುರಿದಿಲ್ಲ' ಎಂಬ ಮಾತೇ ಮನೆಯವರಿಗೆ ಸಮಾಧಾನ. ಎಣ್ಣೆ ಹಚ್ಚಿ ಕಟ್ಟು ಹಾಕಿಸುತ್ತಾರೆ. ಕೆಲವು ವಾರಗಳಲ್ಲಿ ಊತ ಇಳಿಯುತ್ತದೆ, ನಡೆಯಲು ಬರುತ್ತದೆ, ಹುಡುಗ ಮತ್ತೆ ಬೂಟು ಕಟ್ಟುತ್ತಾನೆ. ಈ ಸಲ ಮಂಡಿ ಜಾರಿದಾಗ ಒಳಗಿನ ಮೆತ್ತೆಯೂ ಹರಿಯುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿದರೂ ಅದು ಅರ್ಧ ಕೆಲಸ. ಸೊರಗಿದ ತೊಡೆಯ ಸ್ನಾಯುವನ್ನು ಮತ್ತೆ ಕಟ್ಟಲು ಒಂಬತ್ತು ತಿಂಗಳಾದರೂ ದಿನನಿತ್ಯ ವ್ಯಾಯಾಮ ಬೇಕು. ತೋಟದ ದಿನಗೂಲಿಯ ಮನೆಯಲ್ಲಿ ಒಂಬತ್ತು ತಿಂಗಳು ಕುಳಿತು ತಿನ್ನುವ ಹುಡುಗನನ್ನು ಸಾಕುವವರಾರು? ಅವನು ದುಬಾರೆಯಲ್ಲಿ ರಾಫ್ಟ್ ಹುಟ್ಟು ಹಾಕುತ್ತಾನೆ, ಜೀಪು ಓಡಿಸುತ್ತಾನೆ, ಗಲ್ಫಿಗೆ ಹೋಗುತ್ತಾನೆ. ಮೆಟ್ಟಿಲು ಇಳಿಯುವಾಗ ಮಾತ್ರ ಕಂಬಿ ಹಿಡಿಯುತ್ತಾನೆ.

ಸೌಲಭ್ಯ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಜಿಲ್ಲೆಯ ಹಾಕಿಯಲ್ಲೇ ಉದಾಹರಣೆಯಿದೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಮಂಡಿಯ ಗಾಯದಿಂದ 2018ರ ಭುವನೇಶ್ವರ ವಿಶ್ವಕಪ್ ತಪ್ಪಿಸಿಕೊಂಡರು. ರಾಷ್ಟ್ರೀಯ ಶಿಬಿರದ ಆಟಗಾರನಾದ್ದರಿಂದ ವೈದ್ಯರು, ಫಿಸಿಯೋ ಬೆನ್ನಿಗಿದ್ದರು. ಮರಳಿ ಬಂದು ಆಡಿದರು. ಅಷ್ಟಾದರೂ ಟೋಕಿಯೋ ಒಲಿಂಪಿಕ್ಸ್ ತಂಡದಲ್ಲಿ ಹೆಸರಿರಲಿಲ್ಲ, 2021ರಲ್ಲಿ ನಿವೃತ್ತರಾದರು. ಎರಡು ಬಾರಿ ಮಂಡಿ ಕಳೆದುಕೊಂಡ ಬ್ರೆಜಿಲ್‌ನ ರೊನಾಲ್ಡೊ 2002ರ ವಿಶ್ವಕಪ್‌ನಲ್ಲಿ ಎಂಟು ಗೋಲು ಹೊಡೆದದ್ದನ್ನು ಎಲ್ಲ ಪತ್ರಿಕೆಗಳೂ ಬರೆದವು, ಇನ್ನೂ ಬರೆಯುತ್ತಿವೆ. ಕಣಕಾಲಿನ ಗಾಯದಿಂದ 28ರ ವಯಸ್ಸಿಗೇ ಕೊನೆಯ ಪಂದ್ಯ ಆಡಿದ ಹಾಲೆಂಡಿನ ವಾನ್ ಬಾಸ್ಟೆನ್ ಕಥೆಗೆ ಅಷ್ಟು ಅಂಕಣ ಸಿಕ್ಕಿಲ್ಲ. ಸೋತ ಕಾಲು ಮಾರಾಟವಾಗುವುದಿಲ್ಲ.

ನಮ್ಮ ಜಮಾಅತ್‌ಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಡಯಾಲಿಸಿಸ್‌ಗೆ, ಮದುವೆಗೆ, ಮನೆ ಕಟ್ಟಲು ನಮ್ಮವರು ಕೈಯೆತ್ತಿ ಕೊಡುತ್ತಾರೆ. ಆಡುವಾಗ ಕಾಲು ಮುರಿದುಕೊಂಡವನ ಅರ್ಜಿ ಬಂದರೆ 'ಆಡಲು ಹೇಳಿದ್ದು ಯಾರು?' ಎಂಬ ಪ್ರಶ್ನೆ ಏಳುತ್ತದೆ. ಅದೇ ಹುಡುಗ ಕಪ್ ಗೆದ್ದು ತಂದ ರಾತ್ರಿ ಪಟಾಕಿ ಸಿಡಿಸಿದವರಲ್ಲಿ ಪ್ರಶ್ನೆ ಕೇಳಿದವರ ಮಕ್ಕಳೂ ಇರುತ್ತಾರೆ.

ಸಂಘಟಕರಿಗೆ ಇದು ಕೈಮೀರಿದ ಕೆಲಸವೇನಲ್ಲ. ಒಂದು ಪಂದ್ಯಾವಳಿಯ ಅವಧಿಗೆ ಎಲ್ಲ ಆಟಗಾರರನ್ನೂ ಸೇರಿಸಿ ಗುಂಪು ಅಪಘಾತ ವಿಮೆ ಮಾಡಿಸಬಹುದು. ಅದರಲ್ಲಿ ಚಿಕಿತ್ಸೆಯ ಖರ್ಚು ಸೇರಿದೆಯೇ ಎಂದು ಸಹಿ ಹಾಕುವ ಮೊದಲು ಓದಬೇಕು, ಅಷ್ಟೆ. ಕಂತಿನ ಹಣವನ್ನು ಪ್ರವೇಶ ಶುಲ್ಕದಲ್ಲೇ ಸೇರಿಸಬಹುದು, ಹುಡುಗನ ಎತ್ತರಕ್ಕೆ ನಿಲ್ಲುವ ಟ್ರೋಫಿಯನ್ನು ಒಂದು ಗೇಣು ಕಡಿಮೆ ಮಾಡಬಹುದು. ಸದ್ಯಕ್ಕೆ ಇಂಥ ಪಂದ್ಯಾವಳಿಗಳ ಕರಪತ್ರ ಕೈಗೆ ಬಂದರೆ ಕೊನೆಯ ಸಾಲಿನವರೆಗೆ ಓದಿ ನೋಡಿ. ಬಹುಮಾನದ ಮೊತ್ತ ದಪ್ಪಕ್ಷರದಲ್ಲಿರುತ್ತದೆ. ಗಾಯಗಳಿಗೆ ಸಂಘಟಕರು ಹೊಣೆಯಲ್ಲ ಎಂಬ ನಿಯಮವಿದ್ದರೆ, ಅದು ತೀರಾ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ.