ಜಾಲವಿಶ್ಲೇಷಣೆಯೂ ಮಾರ್ಗಲಕ್ಷಣವೂ

ಗಣಕಯಂತ್ರದಲ್ಲಿ ಭೂಪಟವನ್ನು ಬರೆಯುವ ತಂತ್ರಾಂಶಗಳು ಭೂಗೋಳಶಾಸ್ತ್ರಜ್ಞರ ಮತ್ತು ನಗರಯೋಜಕರ ಕೈಯಿಂದ ದಾಟಿ ಈಗ ಸಾಹಿತ್ಯ ಮತ್ತು ಇತಿಹಾಸಗಳ ಸಂಶೋಧಕರ ಕೈಗೂ ಬಂದಿರುವುವು. ಅವುಗಳಲ್ಲಿ ಕ್ಯೂಜಿಐಎಸ್ ಎಂಬುದು ಬೆಲೆಯಿಲ್ಲದೆ ದೊರೆಯುವುದು. ಆರ್ಕ್‌ಜಿಐಎಸ್ ಎಂಬುದು ಹಣ ಕೊಟ್ಟು ಪಡೆಯತಕ್ಕದ್ದು. ಎರಡರಲ್ಲಿಯೂ ಜಾಲವಿಶ್ಲೇಷಣೆಯೆಂಬ ಸಾಧನಗಳ ಒಂದು ವರ್ಗವುಂಟು. ಎರಡು ಸ್ಥಳಗಳನ್ನು ತೋರಿಸಿದರೆ ಅವುಗಳ ನಡುವಣ ಅತ್ಯಲ್ಪ ದೂರದ ದಾರಿಯನ್ನಾಗಲಿ ಅತ್ಯಲ್ಪ ಕಾಲದ ದಾರಿಯನ್ನಾಗಲಿ ಈ ಸಾಧನವು ಎಳೆದು ತೋರಿಸುವುದು. ಒಂದು ಸ್ಥಳದಿಂದ ಇಷ್ಟು ದೂರದೊಳಗೆ ಯಾವ ಯಾವ ಬೀದಿಗಳನ್ನು ಮುಟ್ಟಬಹುದೆಂಬುದನ್ನೂ ತಿಳಿಸುವುದು. ಗೆರೆ ಸ್ಫುಟವಾಗಿರುವುದು, ಅಂಕಿ ದಶಾಂಶಸಹಿತವಾಗಿ ಬರುವುದು. ಆದಕಾರಣ ಇದನ್ನು ಪ್ರಮಾಣವೆಂದೇ ಗ್ರಹಿಸಿ, ಪೂರ್ವಕಾಲದ ಯಾತ್ರಿಕರು ಈ ದಾರಿಯಲ್ಲಿಯೇ ಬಂದಿರಬೇಕು, ಕಾವ್ಯದಲ್ಲಿ ಹೇಳಿದ ಮೆರವಣಿಗೆ ಈ ಬೀದಿಯಲ್ಲಿಯೇ ಸಾಗಿರಬೇಕು ಎಂದು ನಿರ್ಣಯಿಸುವ ಒಲವು ಸಹಜವಾಗಿ ಹುಟ್ಟುವುದು. ಆ ಗೆರೆ ಎಷ್ಟರಮಟ್ಟಿಗೆ ಪ್ರಮಾಣವೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ. ಉದಾಹರಣೆಗಳನ್ನು ಬಹುಮಟ್ಟಿಗೆ ಮೈಸೂರು ನಗರದಿಂದಲೇ ತೆಗೆದುಕೊಂಡಿದೆ. ಓದುಗರಲ್ಲಿ ಅನೇಕರು ನಡೆದು ನೋಡಿ ಪರೀಕ್ಷಿಸಬಲ್ಲ ಬೀದಿಗಳವು.

ಈ ಶಾಸ್ತ್ರದ ಮೂಲ ಹೊಸದಲ್ಲ. ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದನ್ನೂ ಒಂದೇ ಸಲ ದಾಟಿ ಸುತ್ತಿಬರಲು ಸಾಧ್ಯವೇ ಎಂಬ ಪ್ರಶ್ನೆಗೆ ಆಯ್ಲರನು 1736ರಲ್ಲಿ ಅಸಾಧ್ಯವೆಂದು ಉತ್ತರವಿತ್ತನು. ನೆಲದ ಆಕಾರವನ್ನೆಲ್ಲ ಕೈಬಿಟ್ಟು, ಕೂಡುವ ಎಡೆಗಳನ್ನೂ ಅವುಗಳನ್ನು ಬೆಸೆಯುವ ಕೊಂಡಿಗಳನ್ನೂ ಮಾತ್ರ ಉಳಿಸಿಕೊಂಡದ್ದು ಆತನ ಬುದ್ಧಿವಿಶೇಷ. ಹಾಲೆಂಡ್ ದೇಶದ ಡೈಕ್‌ಸ್ಟ್ರಾ ಎಂಬ ಗಣಿತಜ್ಞನು 1956ರಲ್ಲಿ ಯೋಚಿಸಿ 1959ರಲ್ಲಿ ಪ್ರಕಟಿಸಿದ ಕ್ರಮವು ಇಂದಿನ ಸಾಧನಗಳಿಗೆ ಆಧಾರ. ಹೊರಟ ಎಡೆಯಿಂದ ಮುಟ್ಟಬಹುದಾದವುಗಳಲ್ಲಿ ಯಾವುದಕ್ಕೆ ವ್ಯಯ ಅತ್ಯಲ್ಪವೋ ಅದನ್ನು ನಿಶ್ಚಯಪಡಿಸಿಕೊಂಡು, ಅದರ ನೆರೆಯ ಎಡೆಗಳ ವ್ಯಯವನ್ನು ತಿದ್ದಿ, ಮತ್ತೆ ಉಳಿದವುಗಳಲ್ಲಿ ಅತ್ಯಲ್ಪವಾದುದನ್ನು ಆರಿಸುತ್ತ ಗುರಿ ಮುಟ್ಟುವವರೆಗೆ ಹೋಗುವುದು ಇದರ ರೀತಿ. ವ್ಯಯವೆಂದರೆ ಇಲ್ಲಿ ಹಣವೇ ಆಗಬೇಕೆಂದಿಲ್ಲ, ಉದ್ದವಾಗಬಹುದು, ಕಾಲವಾಗಬಹುದು. ಅದು ಋಣಸಂಖ್ಯೆಯಾಗದಿದ್ದರೆ ಸಾಕು, ಗಣಿತದಲ್ಲಿ ದೋಷವಿಲ್ಲ. ದೋಷಕ್ಕೆ ಅವಕಾಶವಿರುವುದು ಹೇತುವಿನಲ್ಲಿ. ಯಾವುದನ್ನು ಮಾರ್ಗವೆಂದು ಕರೆದು ಜಾಲದೊಳಕ್ಕೆ ಬಿಟ್ಟಿದೆ ಎಂಬುದನ್ನು ಯಂತ್ರವು ಕೇಳುವುದಿಲ್ಲ. ಮಾರ್ಗದ ಲಕ್ಷಣವನ್ನು ಹೇಳತಕ್ಕವನು ಸಂಶೋಧಕನು. ಲಕ್ಷಣವಾಕ್ಯಕ್ಕೆ ನೈಯಾಯಿಕರು ಹೇಳುವ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳೂ ಇಲ್ಲಿ ಯಥಾವತ್ತಾಗಿ ತಲೆದೋರುವುವು.

ಚಾಮುಂಡಿಬೆಟ್ಟವು ಇದಕ್ಕೆ ಉತ್ತಮವಾದ ನಿದರ್ಶನ. ಬೆಟ್ಟದ ಮೇಲಕ್ಕೆ ಎರಡು ಬಗೆಯ ದಾರಿಗಳುಂಟು. ದೊಡ್ಡ ದೇವರಾಜ ಒಡೆಯರ ಕಾಲದ, ಎಂದರೆ 17ನೆಯ ಶತಮಾನದ, ಸುಮಾರು ಸಾವಿರ ಮೆಟ್ಟಲುಗಳ ದಾರಿಯೊಂದು. ವಾಹನಗಳು ಸುತ್ತಿ ಏರುವ ರಸ್ತೆ ಮತ್ತೊಂದು. ಸಂಶೋಧಕರು ಸಾಮಾನ್ಯವಾಗಿ ಬಳಸುವ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಸಾರ್ವಜನಿಕ ಭೂಪಟದಲ್ಲಿ ಮೆಟ್ಟಲುಗಳನ್ನೂ ರಸ್ತೆಗಳನ್ನೂ ಗೆರೆಗಳಾಗಿಯೇ ಬರೆಯುವರು. ಭೇದವನ್ನು ತಿಳಿಸುವುದು ಗೆರೆಗೆ ಅಂಟಿಸಿದ ಒಂದು ಗುರುತು ಮಾತ್ರ. ಆ ಗುರುತನ್ನು ಶೋಧಿಸದೆ ಗೆರೆಗಳನ್ನೆಲ್ಲ ಒಟ್ಟಾಗಿ ಜಾಲಕ್ಕೆ ಸೇರಿಸಿ, ಪಾದದಿಂದ ದೇವಾಲಯಕ್ಕೆ ಅತ್ಯಲ್ಪ ದೂರದ ದಾರಿಯನ್ನು ಕೇಳಿದರೆ ಸಾಧನವು ಮೆಟ್ಟಲುಗಳನ್ನೇ ತೋರಿಸುವುದು. ಮೋಟಾರು ಬಂಡಿಯವನಿಗೆ ಇದು ಅತಿವ್ಯಾಪ್ತಿ. ದೂರವನ್ನು ಬಿಟ್ಟು ಕಾಲವನ್ನು ಕೇಳಿದರೆ ಇನ್ನೂ ವಿಚಿತ್ರ. ಕ್ಯೂಜಿಐಎಸ್ ಸಾಧನದಲ್ಲಿ ವೇಗವನ್ನು ಬರೆಯದ ಗೆರೆಗೆ ಗಂಟೆಗೆ 50 ಕಿಲೋಮೀಟರ್ ಎಂಬ ವೇಗವು ತಾನಾಗಿಯೇ ಆರೋಪಿತವಾಗುವುದು. ಮುಡಿಪು ಕಟ್ಟಿಕೊಂಡು ಮೆಟ್ಟಲಿಗೆ ಅರಿಶಿನ ಕುಂಕುಮ ಹಚ್ಚುತ್ತ ಏರುವ ವೃದ್ಧೆಯೂ ಆ ವೇಗದಿಂದಲೇ ಏರಬೇಕಾಗುವುದು! ಇದಕ್ಕೆ ಅಂಜಿ ಮೆಟ್ಟಲುಗಳ ಗೆರೆಯನ್ನೇ ಅಳಿಸಿಬಿಟ್ಟರೆ ಹರಕೆಯ ಭಕ್ತರ ದಾರಿಯೇ ಲೋಪವಾಗಿ ಅವ್ಯಾಪ್ತಿಯುಂಟಾಗುವುದು. ಬೆಟ್ಟದ ಭಕ್ತಿಯ ಸಂಗತಿಯನ್ನು ಬರೆಯುವವನಿಗೆ ಆ ಮೆಟ್ಟಲುಗಳೇ ಮುಖ್ಯ, ರಸ್ತೆ ಗೌಣ. ಒಂದೇ ಗೆರೆ ಒಬ್ಬನಿಗೆ ಮಾರ್ಗ, ಮತ್ತೊಬ್ಬನಿಗೆ ಅಮಾರ್ಗ. ಅದು ಕಾರಣ, ಮಾರ್ಗವೆಂಬುದು ಗೆರೆಯ ಧರ್ಮವಲ್ಲ, ಗೆರೆಗೂ ನಡೆಯುವವನಿಗೂ ಇರುವ ಸಂಬಂಧವೆಂದು ತಿಳಿಯಬೇಕು.

ಏರುವುದಕ್ಕೂ ಇಳಿಯುವುದಕ್ಕೂ ಇರುವ ಭೇದವನ್ನೂ ಇಲ್ಲಿಯೇ ಹೇಳಬಹುದು. ಮೇಲೆ ಹೇಳಿದ ಸಾಧನದಲ್ಲಿ ಏಕಮುಖ ರಸ್ತೆಯನ್ನು ಗುರುತಿಸಲು ಅನುಕೂಲವುಂಟು; ಆದರೆ ಒಂದು ಗೆರೆಗೆ ಒಂದೇ ವೇಗ. ಗ್ರಾಸ್ ಎಂಬ ಮತ್ತೊಂದು ತಂತ್ರಾಂಶದಲ್ಲಿ ಹೋಗುವ ವ್ಯಯವನ್ನೂ ಬರುವ ವ್ಯಯವನ್ನೂ ಬೇರೆ ಬೇರೆಯಾಗಿ ಕೊಡಬಹುದು. ಬೆಟ್ಟಗುಡ್ಡಗಳ ಪ್ರಾಚೀನ ದಾರಿಗಳನ್ನು ವಿಚಾರಿಸುವವರಿಗೆ ಎರಡನೆಯದೇ ಯೋಗ್ಯ.

ಇನ್ನು ಸಂಧಿಯ ವಿಚಾರ. ಎರಡು ಗೆರೆಗಳು ಕಣ್ಣಿಗೆ ಕೂಡಿದಂತೆ ಕಂಡಮಾತ್ರಕ್ಕೆ ಜಾಲದಲ್ಲಿ ಕೂಡಿವೆಯೆಂದು ತಿಳಿಯಲಾಗದು. ಎರಡಕ್ಕೂ ಸಾಧಾರಣವಾದ ಒಂದು ಬಿಂದುವಿದ್ದರೆ ಮಾತ್ರ ಅಲ್ಲಿ ಸಂಧಿ. ಅಡ್ಡಬೀದಿಯೊಂದು ದೊಡ್ಡಬೀದಿಯನ್ನು ಮುಟ್ಟುವ ಎಡೆಯಲ್ಲಿ ದೊಡ್ಡಬೀದಿಯ ಗೆರೆಗೆ ಬಿಂದುವಿಲ್ಲದಿದ್ದರೆ ಆ ಅಡ್ಡಬೀದಿಯ ಮನೆಗಳವರು ಯಂತ್ರದ ದೃಷ್ಟಿಯಲ್ಲಿ ಹೊರಕ್ಕೆ ಬರಲಾರದೆ ಸೆರೆಯಲ್ಲಿರುವರು. ಅನರ್ಥವು ಇದಕ್ಕೆ ವಿಪರೀತವಾಗಿಯೂ ಆಗಬಹುದು. ಹಿನಕಲ್ ಬಳಿಯ ಮೇಲ್ಸೇತುವೆಯಂಥ ಎಡೆಯಲ್ಲಿ ಒಂದು ರಸ್ತೆ ಇನ್ನೊಂದರ ಮೇಲೆ ಹಾಯುವುದು. ಅಲ್ಲಿ ಗೆರೆಗಳು ಒಂದನ್ನೊಂದು ಕತ್ತರಿಸಿದರೂ ಸಂಧಿಯಿಲ್ಲ. ಭೂಪಟವನ್ನು ಶುದ್ಧಗೊಳಿಸುವೆನೆಂದು ಕತ್ತರಿಸಿದ ಕಡೆಯಲ್ಲೆಲ್ಲ ಬಿಂದುವನ್ನಿಟ್ಟರೆ ಮೇಲಿನ ವಾಹನವು ಕೆಳಕ್ಕೆ ಧುಮುಕುವಂತಾಗುವುದು. ವೈಯಾಕರಣರು ವರ್ಣಗಳ ಅತಿಶಯವಾದ ಸಾಮೀಪ್ಯವನ್ನು ಸಂಧಿಕಾರ್ಯಕ್ಕೆ ನಿಮಿತ್ತವೆಂದರೂ, ಸಾಮೀಪ್ಯವಿದ್ದರೂ ಸಂಧಿಯಾಗದ ಪ್ರಕೃತಿಭಾವದ ಸ್ಥಳಗಳನ್ನು ಬೇರೆಯಾಗಿ ಎಣಿಸಿಲ್ಲವೇ? ಮೇಲ್ಸೇತುವೆಗಳನ್ನೂ ಹಾಗೆಯೇ ಎಣಿಸಿಡಬೇಕು.

ಸಾಮೀಪ್ಯದ ಮಿತಿಯನ್ನು ಸಂಖ್ಯೆಯಿಂದ ಹೇಳುವ ಒಂದು ಅನುಕೂಲವೂ ಸಾಧನದಲ್ಲಿರುವುದು. ಇಷ್ಟು ಅಂತರದೊಳಗಿನ ಬಿಂದುಗಳನ್ನು ಒಂದೇ ಎಂದು ಭಾವಿಸು, ಎಂದು ಆಜ್ಞಾಪಿಸಬಹುದು. ಆದರೆ ಆ ಸಂಖ್ಯೆಯ ಮಾನ ಯಾವುದೆಂಬುದನ್ನು ಮೊದಲು ನೋಡಬೇಕು. ಭೂಪಟವು ಮೀಟರುಗಳಲ್ಲಿದ್ದರೆ 1 ಎಂದರೆ ಒಂದು ಮೀಟರು. ಅಕ್ಷಾಂಶ ರೇಖಾಂಶಗಳ ಅಂಶಮಾನದಲ್ಲಿದ್ದರೆ 1 ಎಂದರೆ ಒಂದು ಅಂಶ, ಉತ್ತರದಕ್ಷಿಣವಾಗಿ ಸುಮಾರು 111 ಕಿಲೋಮೀಟರು. ಹಾಗೆ ಬರೆದವನ ಜಾಲದಲ್ಲಿ ಅರಮನೆ, ಮಾರುಕಟ್ಟೆ, ಬೆಟ್ಟ, ಕೆರೆಗಳೆಲ್ಲವೂ ಒಂದೇ ಬಿಂದುವಿನಲ್ಲಿ ಲಯವಾಗುವುವು. ಅದ್ವೈತಕ್ಕೆ ಇದು ಸ್ಥಾನವಲ್ಲ.

ಇಷ್ಟಾದರೂ ಸಾಧನವು ವ್ಯರ್ಥವೆಂದು ಅಭಿಪ್ರಾಯವಲ್ಲ. ಮಾನಸಗಂಗೋತ್ರಿಗೂ ಸರಸ್ವತೀಪುರಕ್ಕೂ ನಡುವೆ ಕುಕ್ಕರಹಳ್ಳಿ ಕೆರೆಯಿರುವುದು. ಭೂಪಟದ ಮೇಲೆ ಕೈವಾರದಿಂದ ಮಂಡಲ ಬರೆದು, ಇಷ್ಟರೊಳಗಿನ ಮನೆಗಳಿಗೆಲ್ಲ ಈ ಗ್ರಂಥಾಲಯವು ಹತ್ತಿರವೆಂದು ಹೇಳುವ ಹಳೆಯ ಪದ್ಧತಿಯಲ್ಲಿ ಓದುಗನು ನೀರಿನ ಮೇಲೆ ನಡೆಯಬೇಕಾಗಿದ್ದಿತು. ಬೀದಿಗಳನ್ನನುಸರಿಸಿ ಅಳೆಯುವ ಜಾಲವಿಶ್ಲೇಷಣೆಯು ಆ ದೋಷವನ್ನು ಪರಿಹರಿಸಿತು. ಇದರ ಉಪಕಾರವನ್ನು ಅಲ್ಲಗಳೆಯಲಾಗದು.

ಆಕ್ಷೇಪವು ಬಲವಾಗುವುದು ಪ್ರಯೋಜನದ ವಿಷಯದಲ್ಲಿ. ವಿಜಯದಶಮಿಯ ದಿನ ಜಂಬೂಸವಾರಿಯು ಅರಮನೆಯಿಂದ ಹೊರಟು, ಕೃಷ್ಣರಾಜ ವೃತ್ತವನ್ನು ಬಳಸಿ, ಸಯ್ಯಾಜಿರಾವ್ ರಸ್ತೆಯಲ್ಲಿ ಸಾಗಿ ಬನ್ನಿಮಂಟಪವನ್ನು ಸೇರುವುದು. ದಾರಿ ಸುಮಾರು 5 ಕಿಲೋಮೀಟರು. ಅರಮನೆಯನ್ನೂ ಬನ್ನಿಮಂಟಪವನ್ನೂ ತೋರಿಸಿ ಅತ್ಯಲ್ಪ ದೂರದ ದಾರಿಯನ್ನು ಕೇಳಿದಾಗ ಬರುವ ಗೆರೆಯು ಸವಾರಿಯ ದಾರಿಯೊಡನೆ ಬಹ್ವಂಶ ಹೊಂದಿಕೊಂಡಿತೆಂದು ಇಟ್ಟುಕೊಳ್ಳೋಣ. ಅಷ್ಟರಿಂದ ಸವಾರಿಯ ದಾರಿಯನ್ನು ದೂರದ ಲಾಘವಕ್ಕಾಗಿ ಆರಿಸಿದರೆಂದು ಸಿದ್ಧವಾಗುವುದೇ? ಕಾಗೆ ಕೂತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಇರುವಷ್ಟೇ ಸಂಬಂಧ ಇಲ್ಲಿರುವುದು. ಸವಾರಿಯ ಪ್ರಯೋಜನವು ಬೇಗ ಮುಟ್ಟುವುದಲ್ಲ, ಕಾಣಿಸಿಕೊಳ್ಳುವುದು. ಸುಮಾರು 750 ಕಿಲೋಗ್ರಾಂ ತೂಕದ ಅಂಬಾರಿಯನ್ನು ಹೊತ್ತ ಆನೆಗೆ ಬೇಕಾದ ಅಗಲ, ಇಕ್ಕೆಲಗಳಲ್ಲಿ ಜನರು ಕೂರುವ ಎಡೆ, ಶಮೀಪೂಜೆಯ ಸ್ಥಾನ, ಇವು ಅಲ್ಲಿಯ ಕಾರಣಗಳು. ಆ ಕಾರಣಗಳನ್ನು ವ್ಯಯವಾಗಿ ಪರಿವರ್ತಿಸಿ ಕೊಂಡಿಗಳಿಗೆ ಅಂಕಿ ಕೊಡಬಹುದಲ್ಲವೇ ಎಂದು ಪೂರ್ವಪಕ್ಷಿಯು ಕೇಳಬಹುದು. ಕೊಡಬಹುದು. ಆದರೆ ಸವಾರಿ ನಡೆದ ಬೀದಿಗೆ ಕಡಿಮೆ ವ್ಯಯವನ್ನು ಬರೆದು, ಬಳಿಕ ಸಾಧನವು ಆ ಬೀದಿಯನ್ನೇ ಆರಿಸಿತೆಂದು ಸಂತೋಷಪಡುವುದು ಸಾಧ್ಯವನ್ನೇ ಹೇತುವನ್ನಾಗಿ ಮಾಡಿದಂತೆ. ಇದು ಸಾಧ್ಯಸಮವೆಂಬ ಹೇತ್ವಾಭಾಸ. ಅಂಕಿಗಳ ಉಡುಪಿನಲ್ಲಿ ಬಂದುದರಿಂದ ಗುರುತು ಸಿಕ್ಕದೆ ಹೋಗುವುದು.

ಕಾಲಭೇದವು ಮತ್ತೊಂದು ತೊಡಕು. ಮಾರ್ಕ್ವಿಸ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನನು 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲೆಯಾಳ ದೇಶಗಳಲ್ಲಿ ಸಂಚರಿಸಿ ಬರೆದ ದಿನಚರಿ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಒಂದೊಂದು ದಿನ ಎಲ್ಲಿಂದ ಎಲ್ಲಿಗೆ ಹೋದನೆಂಬುದನ್ನು ಬರೆದಿಟ್ಟಿರುವುದರಿಂದ ಈತನ ಸಂಚಾರವನ್ನು ಭೂಪಟದಲ್ಲಿ ಎಳೆಯುವ ಆಸೆ ಯಾರಿಗಾದರೂ ಹುಟ್ಟತಕ್ಕದ್ದೇ. ಇಂದಿನ ರಸ್ತೆಗಳ ಜಾಲದ ಮೇಲೆ ಆ ಊರುಗಳನ್ನು ಕೂಡಿಸಿದರೆ ಬರುವುದು ಬುಕಾನನನ ದಾರಿಯಲ್ಲ, ಇಂದಿನ ಬಸ್ಸಿನ ದಾರಿ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿಯೇ ಮುಳುಗಿತು. ಅದರೊಡನೆ ಅಲ್ಲಿಯ ದಾರಿಗಳೂ ಮುಳುಗಿದುವು. ಇಂದಿನ ಜಾಲವು ಆ ನೀರನ್ನು ಸುತ್ತಿಕೊಂಡು ಹೋಗುವುದು. 1800ರಲ್ಲಿ ಸುತ್ತುವುದಕ್ಕೆ ಅಲ್ಲಿ ಸಾಗರವೇ ಇರಲಿಲ್ಲ.

ಆದರೆ ಇಲ್ಲಿಯೇ ಸಾಧನದ ಯೋಗ್ಯವಾದ ಉಪಯೋಗವೂ ಕಾಣುವುದು. ಹಳೆಯ ಸರ್ವೇ ಪಟಗಳಿಂದ ಆ ಕಾಲದ ದಾರಿಗಳನ್ನು ಎತ್ತಿ ಬರೆದು ಬೇರೆಯೇ ಜಾಲವನ್ನು ಕಟ್ಟಿ, ಅತ್ಯಲ್ಪ ದೂರದ ಗೆರೆಯನ್ನು ದಿನಚರಿಯ ಪಕ್ಕದಲ್ಲಿಟ್ಟರೆ ಎರಡೂ ಕೆಲವೆಡೆ ಹೊಂದದೆ ಹೋಗುವುವು. ಹೊಂದದ ಎಡೆಗಳೇ ಬೆಲೆಯುಳ್ಳವು. ಬುಕಾನನನನ್ನು ಕಳುಹಿಸಿದ್ದು ಬೇಸಾಯ, ಕೈಗಾರಿಕೆ, ವ್ಯಾಪಾರಗಳ ಸ್ಥಿತಿಯನ್ನು ನೋಡಿ ಬರುವುದಕ್ಕೆ. ಹತ್ತಿರದ ದಾರಿಯನ್ನು ಬಿಟ್ಟು ಬಳಸಿದಲ್ಲಿ ನೋಡತಕ್ಕದ್ದು ಏನಿದ್ದಿತೆಂದು ಕೇಳಲು ಅವಕಾಶವಾಗುವುದು. ಗೆರೆಯು ಹೀಗೆ ಪ್ರಶ್ನೆಯನ್ನು ಎಬ್ಬಿಸುವುದು; ಉತ್ತರವನ್ನು ಗ್ರಂಥದಲ್ಲಿಯೂ ನೆಲದಲ್ಲಿಯೂ ಹುಡುಕಬೇಕು.

ಕಾವ್ಯದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗೋವಿಂದವೈದ್ಯನ ಕಂಠೀರವ ನರಸರಾಜ ವಿಜಯವು 1648ರ ಗ್ರಂಥ. ಶ್ರೀರಂಗಪಟ್ಟಣವನ್ನೂ ಅಲ್ಲಿಯ ಮಹಾನವಮಿಯನ್ನೂ ವರ್ಣಿಸುವುದು. ಸಮಕಾಲೀನನ ಮಾತಾದುದರಿಂದ ಇತಿಹಾಸಕ್ಕೆ ಅದು ಆಕರ. ಹಾಗೆಂದು ವರ್ಣನೆಯಲ್ಲಿ ಬಂದ ಬೀದಿಗಳನ್ನೆಲ್ಲ ಕೊಂಡಿಗಳೆಂದು ಜಾಲಕ್ಕೆ ಸೇರಿಸಲಾಗದು. ಪುರವರ್ಣನೆಯು ಅಷ್ಟಾದಶವರ್ಣನೆಗಳಲ್ಲಿ ಒಂದು. ಅಗಳು, ಕೋಟೆ, ವೇಶ್ಯಾವಾಟ, ಅಂಗಡಿಬೀದಿಗಳು ಕವಿಗಳ ಪಟ್ಟಣಗಳಲ್ಲೆಲ್ಲ ಬರತಕ್ಕವು. ಕವಿಯು ಒಂದಾದ ಮೇಲೊಂದನ್ನು ಹೇಳುವ ಕ್ರಮ ಮಾತಿನ ಕ್ರಮ. ನೆಲದ ಮೇಲೆ ಅವು ಅದೇ ಕ್ರಮದಲ್ಲಿ ಕೂಡಿದ್ದುವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕು. ರಂಗನಾಥನ ಗುಡಿ, ಕೋಟೆ, ಕಾವೇರಿಗಳು ಇಂದಿಗೂ ಇರುವುದರಿಂದ ಅವುಗಳನ್ನು ಎಡೆಗಳಾಗಿ ಗುರುತಿಸಲು ಅಡ್ಡಿಯಿಲ್ಲ. ಎಡೆಗಳು ನಿಶ್ಚಿತವಾದುವೆಂದು ಅವುಗಳ ನಡುವಣ ಕೊಂಡಿಗಳೂ ನಿಶ್ಚಿತವಾದುವೆಂದು ಭಾವಿಸುವುದೇ ಪ್ರಮಾದ. ಗ್ರಂಥಸಂಪಾದಕನು ಒಂದೊಂದು ಪಾಠಕ್ಕೂ ಯಾವ ಓಲೆಪ್ರತಿಯ ಆಧಾರವಿದೆಯೆಂದು ಅಡಿಯಲ್ಲಿ ಸೂಚಿಸುವಂತೆ, ಒಂದೊಂದು ಕೊಂಡಿಗೂ ಆಧಾರವನ್ನು ಬರೆಯುವ ಒಂದು ಕಟ್ಟಳೆ ಬೇಕು. ತಂತ್ರಾಂಶದಲ್ಲಿ ಇದು ಕಷ್ಟವಲ್ಲ. ಪ್ರತಿಯೊಂದು ಗೆರೆಗೂ ಎಷ್ಟು ಬೇಕಾದರೂ ಅಂಕಣಗಳನ್ನು ಸೇರಿಸಬಹುದು. ಶಾಸನ, ಹಳೆಯ ಪಟ, ಉಳಿದ ಅವಶೇಷ ಇವುಗಳ ಬಲವುಳ್ಳ ಕೊಂಡಿಯನ್ನು ತುಂಬು ಗೆರೆಯಿಂದಲೂ, ಕಾವ್ಯವೊಂದರ ಬಲದಿಂದಲೇ ಬಂದುದನ್ನು ಮುರಿದ ಗೆರೆಯಿಂದಲೂ ತೋರಿಸಿ, ಮುರಿದ ಗೆರೆಗಳನ್ನು ಬಿಟ್ಟು ಒಂದು ಸಲವೂ ಸೇರಿಸಿ ಒಂದು ಸಲವೂ ಗಣಿಸಿದರೆ ಫಲವು ಎಷ್ಟು ಬದಲಾಗುವುದೆಂಬುದು ಓದುಗನಿಗೆ ತಿಳಿಯುವುದು. ಇದರೊಡನೆ ಕೊಂಡಿ ಹುಟ್ಟಿದ ವರ್ಷಕ್ಕೂ ಒಂದು ಅಂಕಣವಿರಲಿ. ಇಲ್ಲದಿದ್ದರೆ 1648ರ ಮಹಾನವಮಿಗೆ ಉತ್ತರದಿಂದ ಬಂದ ಜನರನ್ನು, ಪೂರ್ಣಯ್ಯನವರ ಕಾಲದಲ್ಲಿ 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಮೇಲೆ ಕಾವೇರಿ ದಾಟಿಸಿದಂತಾಗುವುದು.