ಎಸ್-3 ಎಂದರೆ ಮೂರು ತಂತಿ

ಕೈಪಿಡಿಯ ಪ್ರತಿ ಸೂಚನೆಯ ಎಡಗಡೆ ಒಂದು ಖಾಲಿ ಆವರಣ ಚಿಹ್ನೆ. ಕೆಲಸ ಮುಗಿದ ಕೂಡಲೇ ಅದರೊಳಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಬೇಕು. ಸೂಚನೆಯ ಕೊನೆಯಲ್ಲಿ ‘ಎನ್‌ಎಸ್’ ಎಂದಿದ್ದರೆ ತಂತಿಯನ್ನು ಕೊಕ್ಕೆಯಂತೆ ಸಿಕ್ಕಿಸಿ ಬಿಡಿ, ಈಗಲೇ ಬೆಸುಗೆ ಬೇಡ ಎಂದರ್ಥ. ‘ಎಸ್-3’ ಎಂದಿದ್ದರೆ ಈಗ ಬೆಸುಗೆ ಹಾಕಿ, ಆ ಜಾಗದಲ್ಲಿ ಒಟ್ಟು ಮೂರು ತಂತಿ ಇರಬೇಕು, ಎಣಿಸಿ ನೋಡಿ ಎಂದರ್ಥ. ಎಣಿಸಿದಾಗ ಎರಡೇ ಇದ್ದರೆ ಹಿಂದೆಲ್ಲೋ ಒಂದು ಸೂಚನೆ ತಪ್ಪಿಹೋಗಿದೆ. ನೂರಾರು ಮೈಲಿ ದೂರದಲ್ಲಿ ಕೂತು ಬರೆದವನೊಬ್ಬ, ಎಂದೂ ಬೆಸುಗೆ ಹಾಕದವನ ಕೈಯನ್ನು ಇಷ್ಟು ಚಿಕ್ಕ ಸಂಕೇತದಿಂದ ಹಿಡಿದು ನಡೆಸುತ್ತಾನೆ. ತಾಂತ್ರಿಕ ಬರವಣಿಗೆಯಲ್ಲಿ ಇದಕ್ಕಿಂತ ಅಚ್ಚುಕಟ್ಟಾದದ್ದನ್ನು ನಾನು ಓದಿಲ್ಲ.

ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದ ಹೀತ್‌ಕಿಟ್ ಟಿವಿಗಳ ಮಾತು ಇದು. ಅಮೆರಿಕದ ಮಿಶಿಗನ್ ಸರೋವರದ ದಂಡೆಯ ಬೆಂಟನ್ ಹಾರ್ಬರ್ ಎಂಬ ಊರಿನ ಹೀತ್ ಕಂಪನಿ ಮೊದಲು ಮಾರುತ್ತಿದ್ದದ್ದು ವಿಮಾನದ ಕಿಟ್. ಸ್ಥಾಪಕ ಎಡ್ವರ್ಡ್ ಹೀತ್ 1931ರಲ್ಲಿ ತನ್ನದೇ ಹೊಸ ವಿಮಾನದ ಪರೀಕ್ಷಾ ಹಾರಾಟದಲ್ಲಿ ತೀರಿಕೊಂಡರು. ಮುಂದೆ ಕಂಪನಿ ಹೋವರ್ಡ್ ಆಂಥನಿಯವರ ಕೈಗೆ ಬಂತು. ಎರಡನೇ ಮಹಾಯುದ್ಧ ಮುಗಿದು ಸೈನ್ಯದ ಉಳಿಕೆ ಸಾಮಾನು ಅಗ್ಗಕ್ಕೆ ಸಿಗುತ್ತಿದ್ದಾಗ, 1947ರಲ್ಲಿ, ಅವರು 39 ಡಾಲರ್ 50 ಸೆಂಟಿಗೆ ಆಸಿಲೋಸ್ಕೋಪ್ ಕಿಟ್ ಮಾರಿದರು. ಅಲ್ಲಿಂದ ರೇಡಿಯೋ, ಆಂಪ್ಲಿಫೈಯರ್. 1960ರ ದಶಕದಲ್ಲಿ ಕಲರ್ ಟಿವಿ.

ನಾನು ಕೈಯಿಟ್ಟು ನೋಡಿದ್ದು ಜಿಆರ್-295 ಎಂಬ ಮಾದರಿಯನ್ನು. 25 ಇಂಚಿನ ವಾಲ್ವ್ ಸೆಟ್. ಪರದೆಯ ವಿಸ್ತೀರ್ಣ 295 ಚದರ ಇಂಚು, ಹೆಸರು ಬಂದದ್ದು ಅದರಿಂದಲೇ. ಮಿಶಿಗನ್ನಿನ ಮಗಳ ಮನೆಯಲ್ಲಿ ಕೆಲ ತಿಂಗಳು ಇದ್ದಾಗ, ಪಕ್ಕದ ಮನೆಯ ನೆಲಮಾಳಿಗೆಯಲ್ಲಿ ಅದು ಕೂತಿತ್ತು. ಆ ಮನೆಯವರ ತಂದೆ ಕಟ್ಟಿದ್ದು. ಕೈಪಿಡಿಯೂ ಜೊತೆಗಿತ್ತು, ಪೆನ್ಸಿಲ್ ಗುರುತುಗಳ ಸಮೇತ.

ಕಿಟ್ಟಿನ ಬಗ್ಗೆ ಒಂದು ಹಳೆಯ ಆಕ್ಷೇಪವಿದೆ. ಟ್ಯೂನರ್, ಸಿಗ್ನಲ್ಲನ್ನು ಬಲಪಡಿಸುವ ಐ.ಎಫ್. ಭಾಗ, ಹೈ ವೋಲ್ಟೇಜ್ ಭಾಗ ಮೂರನ್ನೂ ಕಾರ್ಖಾನೆಯಲ್ಲೇ ಜೋಡಿಸಿ ಕಳಿಸುತ್ತಿದ್ದರು; ಹಾಗಿದ್ದ ಮೇಲೆ ಟಿವಿಯನ್ನು ‘ನಾನೇ ಕಟ್ಟಿದೆ’ ಎನ್ನುವುದು ಎಷ್ಟು ನಿಜ ಎಂದು. ಈ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ಐ.ಎಫ್. ಭಾಗವನ್ನು ಹದಕ್ಕೆ ತರಲು ಬೇಕಾದ ಉಪಕರಣ ಯಾರ ಮನೆಯಲ್ಲೂ ಇರುವುದಿಲ್ಲ. ಸುಮಾರು 25 ಸಾವಿರ ವೋಲ್ಟಿನ ಭಾಗವನ್ನು ಹೊಸಬರ ಕೈಗೆ ಕೊಡುವುದು ಧೈರ್ಯವಲ್ಲ, ಬೇಜವಾಬ್ದಾರಿ. ಕಷ್ಟವಾದದ್ದನ್ನು ತಾವಿಟ್ಟುಕೊಂಡು, ತಾಳ್ಮೆ ಬೇಡುವುದನ್ನು ನಮಗೆ ಬಿಟ್ಟ ಆ ಹಂಚಿಕೆಯಲ್ಲಿ ವಿವೇಕವಿದೆ. ಇನ್ನೊಂದು ವಿವೇಕ, ಸೆಟ್ಟಿನೊಳಗೇ ಇಟ್ಟ ಡಾಟ್ ಜನರೇಟರ್. ಆ ಕಾಲದ ಕಲರ್ ಪಿಕ್ಚರ್ ಟ್ಯೂಬಿನಲ್ಲಿ ಕೆಂಪು, ಹಸಿರು, ನೀಲಿಗೆ ಮೂರು ಗನ್ನುಗಳು ತ್ರಿಕೋನವಾಗಿ ಕೂತಿರುತ್ತವೆ. ಮೂರೂ ಕಿರಣ ಪರದೆಯ ಎಲ್ಲ ಕಡೆಯೂ ಒಂದೇ ಬಿಂದುವಿಗೆ ಬೀಳದಿದ್ದರೆ ಮುಖದ ಅಂಚಿಗೆ ಬಣ್ಣದ ನೆರಳು ಮೂಡುತ್ತದೆ. ಇದನ್ನು ಸರಿಪಡಿಸಲು ಮೆಕ್ಯಾನಿಕ್ ಪರದೆಯ ಮೇಲೆ ಚುಕ್ಕೆ ಮೂಡಿಸುವ ಪ್ರತ್ಯೇಕ ಯಂತ್ರ ತರಬೇಕಿತ್ತು. ಹೀತ್‌ನವರು ಅದನ್ನು ಸೆಟ್ಟಿನೊಳಕ್ಕೇ ಸೇರಿಸಿ, ಮಾಲೀಕನನ್ನೇ ಮೆಕ್ಯಾನಿಕ್ ಮಾಡಿದರು.

ಹಾಗಾದರೆ ಕೊರತೆ ಎಲ್ಲಿ? ಸುಮಾರು 25 ಗಂಟೆಯಲ್ಲಿ ಕಟ್ಟಿ ಮುಗಿಸಬಹುದು ಎಂದು ಜಾಹೀರಾತು ಹೇಳುತ್ತಿತ್ತು. ಆ 25 ಗಂಟೆಯಲ್ಲಿ ಕೈ ಕಲಿಯುತ್ತದೆ, ತಲೆ ಕಲಿಯಲೇಬೇಕೆಂದಿಲ್ಲ. ‘ಹಳದಿ-ನೇರಳೆ-ಕೆಂಪು ಪಟ್ಟೆಯ ರೆಸಿಸ್ಟರನ್ನು ಇಲ್ಲಿಂದ ಅಲ್ಲಿಗೆ ಹಾಕಿ’ ಎನ್ನುತ್ತದೆ ಸೂಚನೆ. ಆ ಜಾಗಕ್ಕೆ 4,700 ಓಮ್ ಏಕೆ ಬೇಕು ಎನ್ನುವುದಿಲ್ಲ. ಸರ್ಕ್ಯೂಟ್ ವಿವರಣೆ ಕೈಪಿಡಿಯ ಹಿಂಭಾಗದಲ್ಲಿದೆ, ಚೆನ್ನಾಗಿಯೇ ಇದೆ; ಆದರೆ ಅದನ್ನು ಓದದೆಯೂ ಟಿವಿ ಹತ್ತುತ್ತದೆ. ದಾರಿ ತಪ್ಪಲು ಬಿಡದ ಗುರು ದಾರಿಯನ್ನು ಪೂರ್ತಿ ಕಲಿಸಲಾರ.

ಇದನ್ನು ಹೇಳುವ ಅಧಿಕಾರ ನನಗೆ ಬಂದದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ. 1981ರ ನವೆಂಬರಿನಲ್ಲಿ ಬೆಂಗಳೂರು ದೂರದರ್ಶನ ಶುರುವಾದ ಮೇಲೆ ಅಲ್ಲಿ ಕಪ್ಪು-ಬಿಳುಪು ಟಿವಿಗೆ ಬೇಕಾದ ಬೋರ್ಡು, ಯೋಕ್, ಹೈ ವೋಲ್ಟೇಜ್ ಕೊಡುವ ಇ.ಎಚ್.ಟಿ., ಟ್ಯೂನರ್ ಎಲ್ಲ ಬಿಡಿಬಿಡಿಯಾಗಿ ಸಿಗುತ್ತಿದ್ದವು; ಪಿಕ್ಚರ್ ಟ್ಯೂಬನ್ನು ನಮ್ಮೂರಿನ ಬಿಇಎಲ್ ಮಾಡುತ್ತಿತ್ತು. ಕೈಪಿಡಿ ಎಂಬುದು ಮಾತ್ರ ಇರಲಿಲ್ಲ. ಮಸುಕಾದ ಒಂದು ಹಾಳೆ ಸರ್ಕ್ಯೂಟ್, ಉಳಿದದ್ದು ಅಂಗಡಿಯವರ ಬಾಯಿಮಾತು. ನಾನು ಜೋಡಿಸಿದ 20 ಇಂಚಿನ ಸೆಟ್ಟಿಗೆ ಕರೆಂಟು ಕೊಟ್ಟಾಗ ಪರದೆಯ ನಡುವೆ ಅಡ್ಡಕ್ಕೆ ಒಂದೇ ಒಂದು ಬಿಳಿ ಗೆರೆ. ಹನ್ನೊಂದು ದಿನ ಅದರ ಹಿಂದೆ ಬಿದ್ದೆ. ಕೊನೆಗೆ ಸಿಕ್ಕಿದ್ದು, ಕಿರಣವನ್ನು ಬಾಗಿಸುವ ಯೋಕಿನ ತಂತಿ ಬೋರ್ಡಿಗೆ ಸೇರುವಲ್ಲಿನ ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ. ಹೀತ್‌ಕಿಟ್ ಆಗಿದ್ದರೆ ಆ ಹನ್ನೊಂದು ದಿನ ಉಳಿಯುತ್ತಿತ್ತು. ಆದರೆ ವರ್ಟಿಕಲ್ ಸರ್ಕ್ಯೂಟು ಚಿತ್ರವನ್ನು ಮೇಲಿಂದ ಕೆಳಕ್ಕೆ ಹೇಗೆ ಹರಡುತ್ತದೆ ಎಂಬುದನ್ನು ನಾನು ಕಲಿತದ್ದು ಅದೇ ಹನ್ನೊಂದು ದಿನದಲ್ಲಿ.

ಮಿಶಿಗನ್ನಿನ ಸೆಟ್ಟಿಗೆ ಆ ಪಾಠ ಕೆಲಸಕ್ಕೆ ಬಂತು. ದಶಕಗಟ್ಟಲೆ ಮಲಗಿದ್ದ ಸೆಟ್ಟನ್ನು ನೇರ ಪ್ಲಗ್ಗಿಗೆ ಹಾಕಬಾರದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಕೆಟ್ಟು ಶಾರ್ಟ್ ಆಗಿದ್ದರೆ ಟ್ರಾನ್ಸ್‌ಫಾರ್ಮರನ್ನೇ ಸುಟ್ಟುಬಿಡುತ್ತವೆ. ಕೆಟ್ಟವನ್ನು ಬದಲಿಸಿ, ನಮ್ಮ ಲ್ಯಾಬುಗಳಲ್ಲಿ ಡಿಮ್ಮರ್‌ಸ್ಟ್ಯಾಟ್ ಎನ್ನುವ ಸಾಧನದಿಂದ ವೋಲ್ಟೇಜನ್ನು ನಿಧಾನವಾಗಿ ಏರಿಸಿದೆವು. ಅಮೆರಿಕದ ದೊಡ್ಡ ಸ್ಟೇಷನ್ನುಗಳು 2009ರ ಜೂನ್ 12ರಂದೇ ಅನಲಾಗ್ ಪ್ರಸಾರ ನಿಲ್ಲಿಸಿದ್ದರಿಂದ, ಮಾಡ್ಯುಲೇಟರ್ ಇಟ್ಟು 3ನೇ ಚಾನಲ್ಲಿಗೆ ಚಿತ್ರ ಕೊಟ್ಟೆವು. ಚಿತ್ರ ಬಂತು. ಅರ್ಧ ಗಂಟೆ ಕಾದ ಮೇಲೆ ಕೆಳಗಿನಿಂದ ಕುಗ್ಗತೊಡಗಿತು.

ಇಲ್ಲಿ ರಿಪೇರಿಯ ಎರಡು ಪಂಥ ಎದುರಾಗುತ್ತವೆ. ಹಳೆಯ ಸೆಟ್ಟಿನ ಹವ್ಯಾಸಿಗಳಲ್ಲಿ ಕೆಲವರು ಷಾಸಿಯನ್ನು ಬರಿದು ಮಾಡಿ ಎಲ್ಲ ಬೆಸುಗೆಯನ್ನೂ ಹೊಸದಾಗಿ ಹಾಕುತ್ತಾರೆ. ಇನ್ನು ಕೆಲವರು ಹಳೆಯ ಕೆಪಾಸಿಟರಿನ ಡಬ್ಬಿಯನ್ನು ಟೊಳ್ಳು ಮಾಡಿ ಹೊಸದನ್ನು ಅದರೊಳಗೆ ಅಡಗಿಸುತ್ತಾರೆ. ಅಂಗಡಿಯಲ್ಲಿ ಕೊಂಡ ಸೆಟ್ಟಿಗೆ ಎರಡೂ ಸರಿಯಿರಬಹುದು. ಕಿಟ್ ಸೆಟ್ಟಿಗೆ ಮೊದಲನೆಯ ದಾರಿ ತಪ್ಪು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಕಾರ್ಖಾನೆಯ ಸೆಟ್ಟುಗಳು ಒಂದರಂತೆ ಇನ್ನೊಂದು. ಕಿಟ್ ಸೆಟ್ಟು ಹಾಗಲ್ಲ. ಅದರ ವಿನ್ಯಾಸ ಬೆಂಟನ್ ಹಾರ್ಬರಿನದು, ಬೆಸುಗೆ ಮನೆಯೊಂದರ ಊಟದ ಮೇಜಿನದು. ಆ ಬೆಸುಗೆಯನ್ನು ಕಿತ್ತರೆ ಉಳಿಯುವುದು ಕಂಪನಿ ಮಾತ್ರ, ಕಟ್ಟಿದವರು ಹೋಗಿಬಿಡುತ್ತಾರೆ.

ನಾವು ಕಿತ್ತಿಲ್ಲ. ಪ್ಲಾಸ್ಟಿಕ್ ಕಡ್ಡಿಯಿಂದ ವರ್ಟಿಕಲ್ ಭಾಗದ ಒಂದೊಂದೇ ಬೆಸುಗೆಯನ್ನು ಮೆಲ್ಲಗೆ ಒತ್ತುತ್ತ ಹೋದೆ. ಮೊದಮೊದಲಿನವು ಕಡಲೆಗಾತ್ರದ ಗಂಟುಗಳು, ಲೆಡ್ ಜಾಸ್ತಿಯಾಗಿದೆ. ಮುಂದೆ ಮುಂದೆ ಅವು ಚಿಕ್ಕದಾಗಿ, ಹೊಳಪಾಗಿ, ತಂತಿಯ ಆಕಾರ ಕಾಣುವಷ್ಟು ತೆಳ್ಳಗಾಗಿವೆ. ಒಬ್ಬರು ಕಲಿಯುತ್ತಿರುವುದು ಷಾಸಿಯ ಉದ್ದಕ್ಕೂ ಹಾಗೇ ಕಾಣುತ್ತದೆ. ಒಂದು ಕಡೆ ಒತ್ತಿದಾಗ ಚಿತ್ರ ತಟ್ಟನೆ ನೀಳವಾಯಿತು. ಭೂತಗನ್ನಡಿ ಹಿಡಿದು ನೋಡಿದರೆ ಮೂರು ತಂತಿ ಕೊಕ್ಕೆ ಹಾಕಿವೆ, ಬೆಸುಗೆ ಹಿಡಿದಿರುವುದು ಎರಡನ್ನೇ. ಮೂರನೆಯದು ಬರಿಯ ಸ್ಪರ್ಶದಲ್ಲಿ ಇಷ್ಟು ಕಾಲ ಕೆಲಸ ಮಾಡಿತ್ತು. ಕೈಪಿಡಿ ತೆಗೆದು ಆ ಸೂಚನೆ ಹುಡುಕಿದೆವು. ಎಸ್-3 ಎಂದೇ ಇದೆ. ಆವರಣದೊಳಗೆ ಪೆನ್ಸಿಲ್ ಗುರುತೂ ಇದೆ.

ನಾನು ಮೆಚ್ಚಿದ ಆ ಪದ್ಧತಿಯ ಎಲ್ಲೆ ಇಲ್ಲಿ ಕಾಣುತ್ತದೆ. ಎಸ್-3 ತಂತಿಯನ್ನು ಎಣಿಸುತ್ತದೆ. ಬೆಸುಗೆ ಒಳಗೆ ಹಿಡಿದಿದೆಯೇ ಎಂದು ನೋಡಬೇಕಾದ್ದು ಕಣ್ಣು. ಕೈಪಿಡಿಯ ಮೊದಲ ಪುಟಗಳಲ್ಲಿ ಬೆಸುಗೆಯ ಪಾಠವಿದೆ, ಕೆಟ್ಟ ಬೆಸುಗೆಯ ಚಿತ್ರವೂ ಇದೆ. ಆದರೂ ಸೂಚನೆಯ ಲಯಕ್ಕೆ ಬಿದ್ದ ಕೈ, ಗುರುತು ಹಾಕುವ ಖುಷಿಯಲ್ಲಿ, ಕಣ್ಣಿಗಿಂತ ಮುಂದೆ ಓಡುತ್ತದೆ. ಕಂಪನಿ 1992ರಲ್ಲಿ ಕಿಟ್ ನಿಲ್ಲಿಸಿತು. ಅದರ ಸೆಟ್ಟುಗಳು ಈಗ ಕೈಬದಲಾಗುವಾಗ ಕೈಪಿಡಿ ಬೇರೆಯಾಗುತ್ತಿದೆ. ಸೆಟ್ಟು ಒಬ್ಬರಿಗೆ, ಪುಸ್ತಕ ಇನ್ನೊಬ್ಬರಿಗೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಪೆನ್ಸಿಲ್ ಗುರುತಿರುವ ಕೈಪಿಡಿಯಿಲ್ಲದೆ ಆ ಬೆಸುಗೆಗಳನ್ನು ಓದಲಾಗುವುದಿಲ್ಲ.

ಆ ಒಂದು ಜಾಗಕ್ಕೆ ಮಾತ್ರ ಹೊಸ ಲೆಡ್ ಹಾಕಿದೆ. ರಾತ್ರಿ ದೀಪ ಆರಿಸಿ ಡಾಟ್ ಜನರೇಟರ್ ಹಾಕಿದೆವು. ಪರದೆಯ ತುಂಬ ಚುಕ್ಕೆಗಳು, ಒಂದೊಂದೂ ಮೂರು ಬಣ್ಣಕ್ಕೆ ಒಡೆದದ್ದು. ಕೈಪಿಡಿ ಹೇಳಿದ ಕ್ರಮದಲ್ಲೇ ಒಂದೊಂದು ತಿರುಪು ತಿರುಗಿಸುತ್ತ ಹೋದಂತೆ ನಡುವಿನವು ಬೆಳ್ಳಗಾದವು, ಆಮೇಲೆ ಮೇಲಿನವು, ಎಡಬಲದವು. ಬಲಗಡೆಯ ಕೆಳಮೂಲೆಯಲ್ಲಿ ಕೆಂಪು ಒಂದು ಕೂದಲೆಳೆಯಷ್ಟು ಹೊರಗೇ ಉಳಿಯಿತು. ಎಷ್ಟು ತಿರುಗಿಸಿದರೂ ಒಳಗೆ ಬರಲಿಲ್ಲ. ನಾನು ಮತ್ತೆ ತಿರುಪಿಗೆ ಕೈಹಾಕಿದಾಗ ಆ ಮನೆಯವರು ಬೇಡ ಎಂದರು. ಅವರು ಚಿಕ್ಕವರಿದ್ದಾಗಲೂ ಆ ಮೂಲೆ ಹಾಗೇ ಇತ್ತಂತೆ.