ಮಠದ ಮಾತು, ಮದುವೆಯ ನೋಂದಣಿ

"ಸಲಿಂಗ ಪ್ರೇಮ ನಮ್ಮ ಧರ್ಮಕ್ಕೆ ಒಪ್ಪಿಗೆಯಲ್ಲ. ಆದರೆ ಸರ್ಕಾರ ಅವರಿಗೆ ಮದುವೆಯ ಹಕ್ಕು ಕೊಡುವುದಾದರೆ ನಾವು ಅಡ್ಡ ಬರುವುದಿಲ್ಲ." ಹೀಗೆ ಬಾಯಿಬಿಟ್ಟು ಹೇಳುವ ಧಾರ್ಮಿಕ ಮುಖಂಡರು ನಮ್ಮಲ್ಲಿ ವಿರಳ. ಇದನ್ನು ತಲೆಕೆಳಗು ಮಾಡಿದ ಮಾತು ಮಾತ್ರ ಬೇಕಾದಷ್ಟು ಸಿಗುತ್ತದೆ: ಅವರನ್ನು ಜೈಲಿಗೆ ಹಾಕುವುದು ಬೇಡ, ಮದುವೆ ಮಾತ್ರ ಎತ್ತಬಾರದು.

ಎರಡನೆಯ ನಿಲುವಿಗೆ ಸ್ಪಷ್ಟ ರೂಪ ಕೊಟ್ಟವರಲ್ಲಿ ಸೊರಬ ತಾಲ್ಲೂಕಿನವರಾದ ಆರೆಸ್ಸೆಸ್ ಮುಖಂಡ ದತ್ತಾತ್ರೇಯ ಹೊಸಬಾಳೆ ಒಬ್ಬರು. 2016ರ ಮಾರ್ಚಿನಲ್ಲಿ ಅವರು ಸಲಿಂಗಕಾಮ ಅಪರಾಧವಲ್ಲ ಎಂದರು. ಮರುದಿನವೇ ಅದು ಅನೈತಿಕ, ಶಿಕ್ಷೆ ಬೇಡ, ಮಾನಸಿಕ ಸಮಸ್ಯೆಯಾಗಿ ನೋಡಬೇಕು, ಮದುವೆಯನ್ನಂತೂ ನಿಷೇಧಿಸಬೇಕು ಎಂದು ಸ್ಪಷ್ಟನೆ ಕೊಟ್ಟರು. 2023ರ ಜನವರಿಯಲ್ಲಿ ಆರೆಸ್ಸೆಸ್ಸಿನ ಸರಸಂಘಚಾಲಕ ಮೋಹನ್ ಭಾಗವತ್ ಜರಾಸಂಧನ ಸೇನಾಪತಿಗಳಾದ ಹಂಸ–ಡಿಂಭಕರ ಕತೆ ತೆಗೆದು, ಇಂಥವರು ಮೊದಲಿನಿಂದಲೂ ಇದ್ದಾರೆ, ಅವರಿಗೂ ಸಮಾಜದಲ್ಲಿ ಜಾಗವಿರಬೇಕು ಎಂದರು. ಎರಡೇ ತಿಂಗಳಲ್ಲಿ ಹೊಸಬಾಳೆಯವರು ಪಾಣಿಪತ್‌ನಲ್ಲಿ ಮದುವೆಯೆಂಬುದು ಸಂಸ್ಕಾರ, ಅದು ಗಂಡು–ಹೆಣ್ಣಿನ ನಡುವೆ ಮಾತ್ರ ಎಂದರು. ಸಂಘದ ಕಡೆಯಿಂದ ಜಾಗ ಸಿಕ್ಕಿತು, ಹಕ್ಕು ಸಿಗಲಿಲ್ಲ.

ಈ ಕ್ರಮ ತಪ್ಪು ಎಂಬುದು ಇಲ್ಲಿನ ವಾದ. ಧರ್ಮಕ್ಕೆ ತನ್ನ ಅಸಮ್ಮತಿಯನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯವಿದೆ. ಆ ಅಸಮ್ಮತಿಗೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕೆಲಸವಿಲ್ಲ.

ಹಾಸನ ಜಿಲ್ಲೆಯವರು ಇದನ್ನು ಅರಿಯಲು ದೂರ ಹೋಗಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಪ್ರಾಕೃತದಲ್ಲಿ 'ಗೊಮ್ಮಟಸಾರ' ಬರೆದರು. ಕೇಶವವರ್ಣಿ 1359ರಲ್ಲಿ ಅದಕ್ಕೆ ಕನ್ನಡ ವೃತ್ತಿ ಬರೆದ. ಆ ಗ್ರಂಥದಲ್ಲಿ 'ವೇದ'ವನ್ನು ಕುರಿತ ಒಂದು ಪ್ರಕರಣವಿದೆ. ಅಲ್ಲಿ ವೇದವೆಂದರೆ ಕಾಮದ ಭಾವ. ಪುರುಷವೇದ, ಸ್ತ್ರೀವೇದ, ನಪುಂಸಕವೇದ ಎಂದು ಅದು ಮೂರು ಬಗೆ. ಮೈಯ ಲಿಂಗಕ್ಕೆ ಕಾರಣ ಒಂದು ಕರ್ಮ, ಮನಸ್ಸಿನ ಬಯಕೆಗೆ ಕಾರಣ ಇನ್ನೊಂದು. ಸಾಮಾನ್ಯವಾಗಿ ಇವೆರಡೂ ಹೊಂದಿಕೊಂಡಿರುತ್ತವೆ, ಕೆಲವೆಡೆ ಹೊಂದುವುದಿಲ್ಲ ಎಂದು ನೇಮಿಚಂದ್ರರು ಒಪ್ಪುತ್ತಾರೆ. ಗಂಡಿನ ಮೈಯಲ್ಲಿ ಗಂಡನ್ನೇ ಬಯಸುವ ಭಾವ ಇರಬಹುದು ಎಂಬುದು ಸಾವಿರ ವರ್ಷದ ಹಿಂದೆಯೇ ಈ ಜಿಲ್ಲೆಯ ಶಾಸ್ತ್ರಕ್ಕೆ ಗೊತ್ತಿತ್ತು. ಅದಕ್ಕೆ ಗಾಬರಿ ಇರಲಿಲ್ಲ, ವರ್ಗೀಕರಣವಿತ್ತು.

ಹಾಗೆಂದು ಆ ಗ್ರಂಥವನ್ನು ಸಲಿಂಗ ಪ್ರೇಮದ ಪರ ಸಾಕ್ಷಿಯಾಗಿ ಎಳೆತರುವುದು ಅಪ್ರಾಮಾಣಿಕತೆ. ನೇಮಿಚಂದ್ರರಿಗೆ ಮೂರು ವೇದಗಳೂ ಬೆಂಕಿಯೇ. ಹುಲ್ಲಿನ ಬೆಂಕಿ, ಬೆರಣಿಯ ಬೆಂಕಿ, ಇಟ್ಟಿಗೆ ಗೂಡಿನ ಬೆಂಕಿ ಎಂದು ಶಾಸ್ತ್ರ ಅವನ್ನು ಅಳೆಯುತ್ತದೆ. ಕೊನೆಯದು ನಪುಂಸಕವೇದದ್ದು, ಎಲ್ಲಕ್ಕಿಂತ ತೀವ್ರ. ಅಂಥವರ ಚಿತ್ತವನ್ನು ಕಲುಷಿತವೆಂದೂ ಕರೆದಿದೆ. ಅಸಮ್ಮತಿ ಇಲ್ಲಿ ನಿಚ್ಚಳ. ಆದರೆ ಅದು ಬೀಳುವುದು ಯಾರ ಮೇಲೆ? ಹೆಂಡತಿ ಮಕ್ಕಳೊಂದಿಗೆ ಸಂಸಾರ ಮಾಡುವವನ ಬಯಕೆಯೂ ಆರಿಸಬೇಕಾದ ಬೆಂಕಿಯೇ. ಮೋಕ್ಷದತ್ತ ಏರುವ ಮೆಟ್ಟಿಲುಗಳಾದ ಗುಣಸ್ಥಾನಗಳಲ್ಲಿ ಒಂಬತ್ತನೆಯದರಲ್ಲಿ ಮೂರೂ ಆರಿಹೋಗಬೇಕು. ಇನ್ನೂ ಮುಖ್ಯವಾದದ್ದು: ಸ್ತ್ರೀಗೆ ಮೋಕ್ಷ ಹೇಳುವ ಹಳೆಯ ಮಾತುಗಳನ್ನು ದಿಗಂಬರ ವ್ಯಾಖ್ಯಾನಕಾರರು ಗಂಡುದೇಹದ, ಸ್ತ್ರೀವೇದದ ಜೀವಕ್ಕೆ ಅನ್ವಯಿಸಿದರು. ಹೆಣ್ಣಿನ ದೇಹಕ್ಕೆ ಅವರು ಮೋಕ್ಷದ ಬಾಗಿಲು ಮುಚ್ಚಿದರು. ಅದು ಆ ಪರಂಪರೆಯ ದೊಡ್ಡ ಅನ್ಯಾಯ. ಆದರೆ ಗಂಡನ್ನು ಬಯಸಿದ ಗಂಡಿಗೆ ಆ ಬಾಗಿಲು ಮುಚ್ಚಲಿಲ್ಲ.

ಇಂಥ ಅಸಮ್ಮತಿಗೆ ಗೌರವ ಸಲ್ಲಬೇಕು, ಏಕೆಂದರೆ ಅದು ತನ್ನ ಕಠಿಣ ಅಳತೆಯನ್ನು ಮೊದಲು ತನಗೇ ಹಿಡಿಯುತ್ತದೆ. ಬೆಳಗೊಳದ ಮುನಿಗಳು ಮಾಂಸಾಹಾರವನ್ನು ಒಪ್ಪುವುದಿಲ್ಲ, ರಾತ್ರಿ ಊಟವನ್ನು ಒಪ್ಪುವುದಿಲ್ಲ. ಇದೇ ಜಿಲ್ಲೆಯ ದುದ್ದ ಹೋಬಳಿಯ ಊರುಗಳಲ್ಲಿ ಹಬ್ಬ ಮುಗಿದ ಮಾರನೆಯ ದಿನ ಮನೆಮನೆಯಲ್ಲಿ ಬಾಡೂಟ ನಡೆದರೆ ಅದನ್ನು ನಿಲ್ಲಿಸಲು ಯಾವ ಮುನಿಯೂ ಕೋರ್ಟಿಗೆ ಹೋಗಿಲ್ಲ.

ಸಲಿಂಗ ಪ್ರೇಮದ ವಿಷಯ ಬಂದಾಗ ಮಾತ್ರ ಈ ಸಂಯಮ ಕೈಕೊಡುತ್ತದೆ. 2009ರಲ್ಲಿ ದೆಹಲಿ ಹೈಕೋರ್ಟು ಸಲಿಂಗಕಾಮವನ್ನು ಅಪರಾಧವಾಗಿಸಿದ್ದ ದಂಡ ಸಂಹಿತೆಯ 377ನೇ ಕಲಮಿನ ಬಿಗಿ ಸಡಿಲಿಸಿದಾಗ ಅದರ ವಿರುದ್ಧ ಮೇಲ್ಮನವಿಗೆ ಹೋದವರಲ್ಲಿ ಒಬ್ಬ ಜ್ಯೋತಿಷಿ, ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ, ಕ್ರೈಸ್ತ ಚರ್ಚುಗಳ ಒಕ್ಕೂಟ ಎಲ್ಲರೂ ಇದ್ದರು. ಬೇರಾವ ವಿಷಯಕ್ಕೂ ಒಂದೇ ಸಾಲಿನಲ್ಲಿ ನಿಲ್ಲದವರು ಅಲ್ಲಿ ಒಟ್ಟಿಗೆ ನಿಂತರು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು, 2018ರ ಸೆಪ್ಟೆಂಬರ್ 6ರಂದು ಆ ಗೆಲುವು ಅಳಿಸಿಹೋಯಿತು. ಮದುವೆಯ ಮೊಕದ್ದಮೆ 2023ರಲ್ಲಿ ಬಂದಾಗ ಧಾರ್ಮಿಕ ಸಂಸ್ಥೆಗಳು ಮತ್ತೆ ಕೋರ್ಟಿನ ಮೆಟ್ಟಿಲೇರಿದವು. ಅರ್ಜಿದಾರರು ಕೇಳಿದ್ದು ದೇವಸ್ಥಾನದ ಮಂಟಪವನ್ನಲ್ಲ, ಮಸೀದಿಯ ನಿಕಾಹವನ್ನಲ್ಲ. ಮುಖ್ಯವಾಗಿ ಕೇಳಿದ್ದು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಒಂದು ಜಾಗ. ಆ ಕಾಯ್ದೆ ಹುಟ್ಟಿದ್ದೇ ಧರ್ಮದ ವಿಧಿ ಬೇಡವೆನ್ನುವವರಿಗೆ. ಪುರೋಹಿತರಿಲ್ಲದ ಆ ಕೋಣೆಗೂ ಪುರೋಹಿತರ ಆಕ್ಷೇಪಣೆ ಬಂದು ತಲುಪಿತು.

ಸಂಸ್ಕಾರದ ವಾದಕ್ಕೆ ಹಳೆ ಮೈಸೂರಿನವರು ಬಗ್ಗಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ಋತುವಾಗುವ ಮುಂಚೆಯೇ ಮದುವೆಯಾಗಬೇಕೆಂಬುದು ಶಾಸ್ತ್ರದ ಮಾತಾಗಿದ್ದ ಕಾಲದಲ್ಲಿ, 1894ರಲ್ಲೇ, ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ಕಾನೂನಿನಿಂದ ತಡೆಯಿತು. ಐವತ್ತು ದಾಟಿದವರು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನೂ ನಿಷೇಧಿಸಿತು. ಏಳೇಳು ಜನ್ಮದ ಬಂಧವೆಂದು ನಂಬಿದ ಸಮಾಜಕ್ಕೆ 1955ರಲ್ಲಿ ವಿಚ್ಛೇದನದ ಕಾನೂನು ಬಂತು. ಮಂತ್ರ ಬದಲಾಗಲಿಲ್ಲ, ಕಾನೂನು ಬದಲಾಯಿತು. ಎರಡೂ ಅಕ್ಕಪಕ್ಕದಲ್ಲೇ ಇವೆ.

ಹೊರಗಿನ ಉದಾಹರಣೆಗಳಲ್ಲಿ ಐರ್ಲೆಂಡಿನದು ಗಟ್ಟಿ. 2015ರ ಮೇ 22ರಂದು ಅಲ್ಲಿ ಮತ ಹಾಕಿದವರಲ್ಲಿ ಶೇ 62ರಷ್ಟು ಮಂದಿ ಸಲಿಂಗ ವಿವಾಹಕ್ಕೆ ಹೌದೆಂದರು. ಮರುವರ್ಷದ ಜನಗಣತಿಯಲ್ಲಿ ಶೇ 78ರಷ್ಟು ಜನ ತಾವು ಕ್ಯಾಥೊಲಿಕರೆಂದು ಬರೆಸಿದರು. ಚರ್ಚಿನ ಬೋಧನೆ ಒಂದಕ್ಷರವೂ ಬದಲಾಗಿರಲಿಲ್ಲ. ಥಾಯ್ಲೆಂಡಿನಲ್ಲಿ ಬೌದ್ಧ ವಿನಯದ ನಿಯಮ ಗಂಡಸುತನ ಪೂರ್ಣವಲ್ಲವೆಂದು ಎಣಿಸಿದ 'ಪಂಡಕ'ನಿಗೆ ಇಂದಿಗೂ ಭಿಕ್ಷು ದೀಕ್ಷೆ ಕೊಡುವುದಿಲ್ಲ, ಆದರೆ 2025ರ ಜನವರಿ 23ರಿಂದ ಸಲಿಂಗ ಜೋಡಿಗಳ ಮದುವೆ ಅಲ್ಲಿ ಕಾನೂನುಬದ್ಧ. ನಮಗೆ ಹತ್ತಿರದ್ದು ನೇಪಾಳ. ಹಿಂದೂಗಳೇ ಹೆಚ್ಚಾಗಿರುವ ಆ ದೇಶದಲ್ಲಿ ಇಂಥ ಮೊದಲ ಮದುವೆ 2023ರ ನವೆಂಬರಿನಲ್ಲಿ ನೋಂದಣಿಯಾದದ್ದು ಕಠ್ಮಂಡುವಿನಲ್ಲಲ್ಲ, ಲಮ್ಜುಂಗ್ ಜಿಲ್ಲೆಯ ದೊರ್ದಿ ಎಂಬ ಗ್ರಾಮೀಣ ಪಾಲಿಕೆಯ ಕಚೇರಿಯಲ್ಲಿ. ಇದೆಲ್ಲ ನಗರದ ಮೇಲ್ವರ್ಗದವರ ಬೇಡಿಕೆ ಎಂದು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಹೇಳಿದ ವರ್ಷವೂ ಅದೇ.

ಕನ್ನಡ ನಾಡಿನಲ್ಲಿ ಈ ತಿಕ್ಕಾಟ ನೇರವಾಗಿ ಕಾಣಿಸಿದ್ದು ಕೊಡಗಿನಲ್ಲಿ. 2020ರಲ್ಲಿ ಕೊಡವ ಮೂಲದ ಯುವಕನೊಬ್ಬ ಅಮೆರಿಕದಲ್ಲಿ ತನ್ನ ಸಂಗಾತಿಯನ್ನು ಮದುವೆಯಾದ. ಅಲ್ಲಿ ಆ ಮದುವೆ ಪೂರ್ತಿ ಕಾನೂನುಬದ್ಧ. ಕೊಡಗಿನಲ್ಲಿ ಸಿಟ್ಟೆದ್ದದ್ದು ಮುಖ್ಯವಾಗಿ ಉಡುಗೆಯ ಮೇಲೆ: ಕುಪ್ಯ ಚೇಲೆ ತೊಟ್ಟು, ಪೀಚೆಕತ್ತಿ ಸಿಕ್ಕಿಸಿಕೊಂಡು ಮದುವೆಯಾದದ್ದು ಸಂಪ್ರದಾಯಕ್ಕೆ ಅವಮಾನ ಎಂದು. ಬಹಿಷ್ಕಾರದ ಮಾತೂ ಬಂತು. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಹಿರಿಯರು ಅಕ್ಕಿ ಹಾಕಿ ಹರಸುವುದೇ ವಿಧಿ. ಹರಸುವುದಿಲ್ಲ ಎನ್ನುವ ಸ್ವಾತಂತ್ರ್ಯ ಆ ಹಿರಿಯರಿಗಿತ್ತು, ಅದನ್ನು ಯಾರೂ ಕಸಿದಿರಲಿಲ್ಲ. ಆದರೆ ಹುಟ್ಟಿನಿಂದ ಬಂದ ಉಡುಗೆಯನ್ನೇ ಬಿಚ್ಚಿಡು ಎನ್ನುವುದು ಅಸಮ್ಮತಿಯನ್ನು ದಾಟಿದ ಮಾತು. ಅದು ಗಡೀಪಾರು.

'ಒಪ್ಪುವುದಿಲ್ಲ, ತಡೆಯುವುದೂ ಇಲ್ಲ' ಎಂಬ ನಿಲುವಿಗೂ ದೊಡ್ಡ ಕೊರತೆಯೊಂದಿದೆ. ಕಚೇರಿಯ ಕಾಗದಕ್ಕೆ ಅದು ಸಾಕು, ಮನೆಯೊಳಗೆ ಸಾಲದು. ವಸುಧೇಂದ್ರರ ಕಥಾಸಂಕಲನ 'ಮೋಹನಸ್ವಾಮಿ' 2013ರಲ್ಲಿ ಬಂದಾಗ ಕನ್ನಡದ ಓದುಗರು ಇದನ್ನು ಕಂಡರು. ಅಲ್ಲಿ ಮೋಹನಸ್ವಾಮಿಯ ಜೊತೆ ಬಾಳಿದ ಗೆಳೆಯ ಕಾರ್ತಿಕ ಕೊನೆಗೆ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ವರ್ಷಗಳ ಬಾಳ್ವೆಗೆ ಹೆಸರಿಲ್ಲ, ಸಾಕ್ಷಿಯಿಲ್ಲ, ಮುರಿದರೆ ನ್ಯಾಯ ಕೇಳಲು ಕಟ್ಟೆಯೂ ಇಲ್ಲ. ಆ ಕತೆಯನ್ನು ಸಲಿಂಗಿಯೊಬ್ಬನ ನೋವೆಂದಷ್ಟೇ ಓದಿದರೆ ಅರ್ಧ ಓದಿದಂತೆ. ಏನೂ ತಿಳಿಯದೆ ಮದುಮಗಳಾಗಿ ಬರುವ ಹೆಣ್ಣಿನ ಗತಿಯೂ ಅದರೊಳಗಿದೆ. 'ಒಂದು ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ' ಎಂದು ಪೂಜೆ ಹೇಳಿ ಕಳಿಸುವ ಗುರುಗಳು, ಕಣಿ ಹೇಳುವವರು, ಸೋದರಮಾವಂದಿರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಸಲಿಂಗ ವಿವಾಹ ಸಂಸ್ಕಾರ ಕೆಡಿಸುತ್ತದೆ ಎನ್ನುವವರು ಇಂಥ ಮದುವೆಗಳ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಅಗ್ನಿಸಾಕ್ಷಿಯಾಗಿ ಹೇಳಿಸುವ ಸುಳ್ಳಿಗಿಂತ ಕಚೇರಿಯಲ್ಲಿ ಹಾಕುವ ನಿಜದ ಸಹಿ ಯಾವ ಧರ್ಮದ ಕಣ್ಣಲ್ಲಿ ಕೀಳು?

2023ರ ಮದುವೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರೂ ನ್ಯಾಯಮೂರ್ತಿಗಳು ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದರು. ಆಮೇಲೆ ಕೇಂದ್ರ ಸರ್ಕಾರ ಸಂಪುಟ ಕಾರ್ಯದರ್ಶಿಯ ನೇತೃತ್ವದಲ್ಲಿ ಸಮಿತಿ ರಚಿಸಿತು. ಜೊತೆಗೆ ಬಾಳುವವರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು 2024ರಲ್ಲಿ ಸ್ಪಷ್ಟಪಡಿಸಿತು. ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಪರಿಗಣಿಸಲು ರಾಜ್ಯಗಳಿಗೆ ಬರೆಯಿತು. ಇವು ಸಣ್ಣ ಅನುಕೂಲಗಳಲ್ಲ. ಆದರೂ ದುದ್ದದಂಥ ಊರಲ್ಲಿ ಇಬ್ಬರು ಹೆಣ್ಣುಮಕ್ಕಳು ಇಪ್ಪತ್ತು ವರ್ಷ ಕೂಡಿ ಹೊಲ ಮಾಡಿ, ಒಬ್ಬಳು ವಿಲ್ ಬರೆಯದೆ ತೀರಿಕೊಂಡರೆ, ಪೌತಿ ಖಾತೆಯಲ್ಲಿ ಉಳಿದವಳ ಹೆಸರು ಬರುವುದಿಲ್ಲ. ಎಂದೂ ಹಣಕಿ ನೋಡದ ದಾಯಾದಿಯ ಹೆಸರು ಬರುತ್ತದೆ. ಕುಟುಂಬ ಪಿಂಚಣಿಯೂ ಅವಳಿಗಿಲ್ಲ.

ಮರುಪರಿಶೀಲನೆ ಕೋರಿದ ಅರ್ಜಿಗಳನ್ನು ಕೋರ್ಟು 2025ರ ಜನವರಿ 9ರಂದು ತಳ್ಳಿಹಾಕಿದೆ. ವಿಶೇಷ ವಿವಾಹ ಕಾಯ್ದೆಯ ನಾಲ್ಕನೇ ಕಲಮು 'ಯಾವುದೇ ಇಬ್ಬರು ವ್ಯಕ್ತಿಗಳು' ಎಂದೇ ಹೇಳುತ್ತದೆ. ಅಡ್ಡ ಬರುವುದು ಮುಂದೆ ವಯಸ್ಸು ಹೇಳುವಾಗ ಬರುವ 'ಗಂಡು', 'ಹೆಣ್ಣು' ಎಂಬ ಪದಗಳು. ಅದನ್ನು ತಿದ್ದಲು ಸಂಸದರಿಗೆ ಧೈರ್ಯ ಬೇಕು, ಆ ಧೈರ್ಯ ಕೊಡಬಲ್ಲವರು ಈ ಜಿಲ್ಲೆಯ ಮಠಗಳ ಸ್ವಾಮಿಗಳು, ಮಸೀದಿಯ ಮುಖಂಡರು, ಚರ್ಚಿನ ಪಾದ್ರಿಗಳು. ಅವರು ತಮ್ಮ ಶಾಸ್ತ್ರವನ್ನು ಬಿಡಬೇಕಾಗಿಲ್ಲ. ನಮ್ಮ ಮಂಟಪದಲ್ಲಿ ಇದನ್ನು ನಡೆಸುವುದಿಲ್ಲ, ನೋಂದಣಿ ಕಚೇರಿಯಲ್ಲಿ ನಡೆದರೆ ನಮ್ಮ ತಕರಾರಿಲ್ಲ ಎಂದು ಪ್ರವಚನದ ಕೊನೆಗೆ ಒಂದು ಮಾತು ಸೇರಿಸಲಿ.